ಮಣ್ಣು ಯಾವ ಕಡೆ ಹಾಕಿದಾರೆ

27 ಏಪ್ರಿಲ್ 2025, ಭಾನುವಾರ

ಕಾಲು ನೋವು, ಆದ್ರೂ ಬರೆದೇ ಮಲಗ್ತೀನಿ.

ಬೆಳಿಗ್ಗೆ ಇಲ್ಲಿ ಇಂಗ್ಲೆಂಡಲ್ಲಿ ವಾಲಿಂಗ್‌ಫೋರ್ಡ್ ಹತ್ರ ಬಸ್ ಇಳಿದು, ಥೇಮ್ಸ್ ಹೊಳೆ ಕಡೆಯಿಂದ ನಫೀಲ್ಡ್‌ವರೆಗೆ ಗ್ರಿಮ್ಸ್ ಡಿಚ್ ಅನ್ನೋ ಹಳೇ ಕಂದಕ ಹಿಡ್ಕೊಂಡು ನಡೆದೆ, ಹೆಚ್ಚುಕಮ್ಮಿ 5 ಕಿಲೋಮೀಟರ್. ಉದ್ದಕ್ಕೂ ಒಂದು ಮಣ್ಣಿನ ದಿಬ್ಬ, ಪಕ್ಕದಲ್ಲೇ ತಗ್ಗು, ಅಷ್ಟೇ. ತಗ್ಗಿನ ತುಂಬ ತರಗೆಲೆ, ನೀಲಿ ಬ್ಲೂಬೆಲ್ ಹೂವು. ಮರದ ಬೇರಿನ ಸಂದೀಲಿ ಸೀಮೆಸುಣ್ಣದ ಚೂರು, ಬೆರಳಲ್ಲಿ ಉಜ್ಜಿದ್ರೆ ಬಿಳಿ ಹತ್ತುತ್ತೆ. ಕಬ್ಬಿಣ ಯುಗದವರು ತೋಡಿದ್ದು ಅಂತಾರೆ, ಅಂದ್ರೆ 2000 ವರ್ಷದ ಮೇಲಾಯ್ತು. ಯುದ್ಧಕ್ಕಲ್ಲ, ಇಲ್ಲಿಗೆ ನಮ್ಮ ಜಾಗ ಮುಗೀತು ಅಂತ ತೋರಿಸೋಕೆ ಅನ್ನೋದು ಹೆಚ್ಚಿನವರ ಅಭಿಪ್ರಾಯ.

ಅಲ್ಲೇ ಕೂತು ಅಪ್ಪನಿಗೆ ವಿಡಿಯೋ ಕಾಲ್ ಮಾಡ್ದೆ. ನೋಡಿದ ತಕ್ಷಣ "ಇದು ಕಡಂಗ ಅಲ್ವಾ ಮಗಾ, ಅಲ್ಲೂ ಇದೆಯಾ?" ಅಂದ್ರು. ಮೈ ಜುಮ್ ಅಂತು. ನಮ್ಮ ಕೊಡಗಲ್ಲಿ ಗುಡ್ಡ ಕಾಡು ಅನ್ನದೆ ಮೈಲಿಗಟ್ಟಲೆ ಹೋಗೋ ಹಳೇ ಕಂದಕಗಳು, ಅದೇ ಕಡಂಗಗಳು, ನನ್ನ ತಲೆಗೇ ಬಂದಿರ್ಲಿಲ್ಲ, ಚಿಕ್ಕೋಳಿದ್ದಾಗ ಸೌದೆ ತರೋಕೆ ಇಳಿದು ಹತ್ತಿದ್ದು ಅದನ್ನೇ. ವಿರಾಜಪೇಟೆ ಕಡೆ ಒಂದು ಊರಿನ ಹೆಸರೇ ಕಡಂಗ.

ಆಮೇಲೆ ಅಪ್ಪ ಕೇಳಿದ್ದು, "ಮಣ್ಣು ಯಾವ ಕಡೆ ಹಾಕಿದಾರೆ?"

ಯಾಕೆ ಅಂದೆ. "ತೋಡಿದ ಮಣ್ಣನ್ನ ಪಕ್ಕದೋನ ಜಾಗಕ್ಕೆ ಯಾರಾದ್ರೂ ಹಾಕ್ತಾರಾ? ದಿಬ್ಬ ಯಾವ ಕಡೆ ಇದ್ಯೋ ಆ ಕಡೆಯೋನೇ ತೋಡಿದ್ದು, ತಗ್ಗಿನ ಆಚೆ ಅಂಚಿಗೆ ಅವನ ಜಾಗ ಮುಗೀತು." ಫೋನ್ ತಿರುಗಿಸಿ ತೋರಿಸ್ದೆ. ಸುಮಾರು ಹೊತ್ತು ನೋಡಿದ್ರು. "ಎಷ್ಟು ಜನ ಸೇರಿ ತೋಡಿರ್ಬೇಕು" ಅಂದ್ರು, ಕಾಫಿ ಗಿಡಕ್ಕೆ ಗುಂಡಿ ತೆಗೆದ ಕೈ ಅದು, ಅವರಿಗೆ ಗೊತ್ತು.

ಗ್ರಿಮ್ಸ್ ಡಿಚ್ ಅನ್ನೋ ಹೆಸರೂ ತೋಡಿದವರು ಇಟ್ಟಿದ್ದಲ್ಲ. ಎಷ್ಟೋ ಶತಮಾನ ಆದ್ಮೇಲೆ ಬಂದ ಸ್ಯಾಕ್ಸನ್ ಅನ್ನೋ ಜನಕ್ಕೆ ಇದು ಯಾರ ಕೆಲಸ ಅಂತ ಗೊತ್ತಾಗ್ದೆ ತಮ್ಮ ದೇವರು ವೋಡನ್ ಮಾಡಿದ್ದು ಅಂದ್ಕೊಂಡ್ರು, ಗ್ರಿಮ್ ಅಂದ್ರೆ ಅವನದೇ ಇನ್ನೊಂದು ಹೆಸರು. ಇದೇ ಹೆಸರಿನ ಕಂದಕ ಇಂಗ್ಲೆಂಡಲ್ಲಿ ಇನ್ನೂ ಹಲವು ಕಡೆ ಇದೆ. ಆಚೆ ಯಾರು, ಈಚೆ ಯಾರು, ಒಬ್ಬರ ಹೆಸರೂ ಉಳಿದಿಲ್ಲ. ಅದನ್ನ ಯೋಚಿಸಿದ್ರೆ ಹೊಟ್ಟೇಲಿ ಒಂಥರಾ ಆಗುತ್ತೆ.

ಫೋನ್ ಇಡೋ ಮುಂಚೆ ಅಪ್ಪ ಮೆತ್ತಗೆ ಹೇಳಿದ್ರು, ಗುರುವಾರ ಸರ್ವೇಯವರು ಬರ್ತಾರಂತೆ. ಚಿಕ್ಕಪ್ಪನ ಕಡೆ ಬಾಂದು ಕಲ್ಲು ಇದ್ದ ಜಾಗದಲ್ಲಿ ಇಲ್ಲ. ಮೂರು ವರ್ಷದಿಂದ ಇಬ್ಬರೂ ಮಾತಾಡಿಲ್ಲ, ಮಧ್ಯೆ ಇರೋದು ಒಂದು ಸಿಲ್ವರ್ ಓಕ್ ಸಾಲು. "ನೀನೇನೂ ತಲೆ ಕೆಡಿಸ್ಕೋಬೇಡ" ಅಂದ್ರು.

ಚಿಕ್ಕಪ್ಪನಿಗೂ ಆ ವಿಡಿಯೋ ಕಳಿಸ್ಲಾ ಅಂತ ಆಗಿಂದ ಫೋನ್ ಕೈಲಿ ಹಿಡ್ಕೊಂಡಿದೀನಿ, ಅವರೇ ಅಲ್ವಾ ನನ್ನನ್ನ ಮೊದಲು ಹೆಗಲ ಮೇಲೆ ಕೂರಿಸ್ಕೊಂಡು ಕಡಂಗ ದಾಟ್ಸಿದ್ದು, ಆದ್ರೆ ಗುರುವಾರಕ್ಕೆ ಮುಂಚೆ ಕಳಿಸಿದ್ರೆ