ಮೂಲೆ ಕಟ್ಟುವ ತನಕ

ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಗೋಡೆಯೊಂದರ ಮೂಲೆಯನ್ನು ಕೈಯಾರೆ ಕಟ್ಟುವ ಅವಕಾಶ ನನಗೆ ದೊರೆತದ್ದು ಕೆಲಸಕ್ಕೆ ಸೇರಿ ಹದಿನಾಲ್ಕು ತಿಂಗಳಾದ ಮೇಲೆ. ಅಷ್ಟರಲ್ಲಿ ಹೊತ್ತ ಕಲ್ಲಿಗೂ ಕಲಸಿದ ಗಾರೆಗೂ ಲೆಕ್ಕವಿರಲಿಲ್ಲ. ಆದರೂ ಕಲ್ಲು ಹೊರುವವನಿಗೂ ಕಲ್ಲು ಕಟ್ಟುವವನಿಗೂ ನಡುವೆ ಎಷ್ಟು ದೂರವಿದೆ ಎಂದು ತಿಳಿದದ್ದು ಆ ದಿನವೇ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹುಡುಗರು ಪ್ಲಸ್ ಟು ಮುಗಿಸಿಯೋ ಪದವಿಯನ್ನು ಅರ್ಧಕ್ಕೆ ಬಿಟ್ಟೋ ಕಟ್ಟಡದ ಕೆಲಸಕ್ಕೆ ಹೊರಟಾಗ ಸಂಬಳದ ವಿಷಯ ಹೇಳಲು ಹತ್ತು ಮಂದಿ ಇರುತ್ತಾರೆ. ಈ ದೂರದ ವಿಷಯ ಹೇಳುವವರು ಸಿಗುವುದು ಅಪರೂಪ. ಹಾಗಾಗಿ ನನ್ನ ಅನುಭವಕ್ಕೆ ಬಂದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಿ.ಕಾಂ. ಮುಗಿದಾಗ ನನಗೆ ಇಪ್ಪತ್ತೊಂದು ವರ್ಷ. ಮಂಗಳೂರಿನ ಅಂಗಡಿಯೊಂದರಲ್ಲಿ ಎಂಟು ತಿಂಗಳು ಲೆಕ್ಕ ಬರೆದೆ. ಬಸ್ಸಿಗೂ ಊಟಕ್ಕೂ ಕಳೆದು ಉಳಿಯುತ್ತಿದ್ದ ಹಣವನ್ನು ಮನೆಯಲ್ಲಿ ಕೊಡಲು ಕೈ ಬರುತ್ತಿರಲಿಲ್ಲ. ಆ ಹೊತ್ತಿಗೆ ಸೋದರಮಾವನ ಮನೆಗೆ ಒಂದು ಕೋಣೆ ಸೇರಿಸುವ ಕೆಲಸ ನಡೆಯುತ್ತಿತ್ತು. ಭಾನುವಾರ ನೋಡಲು ಹೋದವನು, ಮೇಸ್ತ್ರಿಯವರು ನೂಲು ಬಿಗಿದು ಒಂದೊಂದೇ ಕಲ್ಲನ್ನು ಕೂರಿಸಿ, ಗಾರೆ ಹಚ್ಚುವ ಕರಣೆಯ ಹಿಡಿಯಿಂದ ಎರಡೇ ಪೆಟ್ಟು ಕೊಟ್ಟು ಮಟ್ಟಕ್ಕೆ ತರುವುದನ್ನು ನೋಡುತ್ತ ಸಂಜೆಯ ತನಕ ಅಲ್ಲೇ ನಿಂತೆ. ಬೆಳಗ್ಗೆ ಮೊಣಕಾಲೆತ್ತರವಿದ್ದ ಗೋಡೆ ಸಂಜೆಗೆ ಎದೆಯೆತ್ತರ ಬಂದಿತ್ತು. ಎಂಟು ತಿಂಗಳು ಬರೆದ ಲೆಕ್ಕದ ಪುಸ್ತಕಗಳಲ್ಲಿ ಹೀಗೆ ಬೆರಳು ಮಾಡಿ ತೋರಿಸುವಂಥದ್ದು ಏನೂ ಇರಲಿಲ್ಲ. ಅಮ್ಮ ಒಪ್ಪಲಿಲ್ಲ. “ನಿನ್ನನ್ನು ಓದಿಸಿದ್ದು ಗಾರೆ ಹೊರಲಿಕ್ಕಾ ಮಗಾ?” ಎಂದು ಕೇಳಿದರು. ಅಪ್ಪ, “ಒಂದು ಮಳೆಗಾಲ ಕಳೆಯಲಿ, ಆಮೇಲೆ ನೋಡುವ” ಎಂದಷ್ಟೇ ಹೇಳಿದರು.

ಮೊದಲ ವಾರದಿಂದಲೇ ದಿನಕ್ಕೆ 900 ರೂಪಾಯಿಯಂತೆ ಸಂಬಳ ಬಂತು. ಕೇರಳದಲ್ಲಿ ಕಟ್ಟಡ ಕೆಲಸದ ದಿನಗೂಲಿ ದೇಶದಲ್ಲೇ ಮೇಲುಮಟ್ಟದ್ದು. ರಿಸರ್ವ್ ಬ್ಯಾಂಕ್ ಪ್ರಕಟಿಸಿದ ರಾಜ್ಯವಾರು ಅಂಕಿಅಂಶಗಳಲ್ಲಿ 2022-23ರ ಲೆಕ್ಕಕ್ಕೆ ಇಲ್ಲಿನ ಗ್ರಾಮೀಣ ಕಟ್ಟಡ ಕಾರ್ಮಿಕನ ಸರಾಸರಿ ಕೂಲಿ 852 ರೂಪಾಯಿ 50 ಪೈಸೆ ಇದ್ದರೆ, ದೇಶದ ಸರಾಸರಿ 393 ರೂಪಾಯಿ 30 ಪೈಸೆ. ಪಶ್ಚಿಮ ಬಂಗಾಳ, ಒಡಿಶಾ, ಅಸ್ಸಾಮುಗಳಿಂದ ಜನ ಊರು ಬಿಟ್ಟು ರೈಲು ಹತ್ತಿ ಇಲ್ಲಿಗೆ ಬರುವುದು ಇದಕ್ಕಾಗಿಯೇ. ಆದರೆ ಹೊಸಬನನ್ನು ಇದ್ದಲ್ಲೇ ಕಟ್ಟಿಹಾಕುವುದೂ ಇದೇ ಸಂಬಳ. ನಾನು ಸೇರಿದಾಗ ಕೈಯಾಳಿನ ಸಂಬಳಕ್ಕೂ ಮೇಸ್ತ್ರಿಯ ಸಂಬಳಕ್ಕೂ ದಿನಕ್ಕೆ 300 ರೂಪಾಯಿಯ ವ್ಯತ್ಯಾಸವಿತ್ತು. ಆ 300 ರೂಪಾಯಿಗಾಗಿ ಎರಡು ಮೂರು ವರ್ಷ ಬೈಗುಳ ತಿಂದು ಕಲಿಯಬೇಕೇ, ಇರುವುದರಲ್ಲೇ ಬೈಕಿನ ಕಂತು ನಡೆಯುತ್ತಿದೆಯಲ್ಲ ಎಂದು ಇಪ್ಪತ್ತರ ಹುಡುಗನಿಗೆ ಅನ್ನಿಸುವುದು ಸಹಜ. ಇನ್ನೊಂದು ಕಡೆಯಿಂದ, ಚುರುಕಾಗಿ ಕಲ್ಲು ತಂದುಕೊಡುವ ಕೈಯಾಳನ್ನು ಕಳೆದುಕೊಳ್ಳಲು ಯಾವ ಗುತ್ತಿಗೆದಾರನಿಗೂ ಮನಸ್ಸಿರುವುದಿಲ್ಲ. ಹೀಗೆ ಯಾರೂ ಯಾರಿಗೂ ಮೋಸ ಮಾಡದೆಯೇ ವರ್ಷಗಳು ಕಳೆಯುತ್ತವೆ. ನನ್ನ ಜೊತೆಗಿದ್ದ ಒಬ್ಬ ಅಣ್ಣನಿಗೆ ಆಗ ನಲವತ್ತೆರಡು ವರ್ಷ. ಹದಿನೆಂಟು ವರ್ಷ ಕಲ್ಲು ಹೊತ್ತು ಸೊಂಟ ಹಿಡಿದುಕೊಂಡಿತ್ತು. ಸೊಂಟ ಹಿಡಿದ ಮೇಲೆ ಕೈಯಾಳಿನ ಕೆಲಸ ಆಗುವುದಿಲ್ಲ, ಬೇರೆ ಕೆಲಸ ಬರುವುದಿಲ್ಲ. ಅವರು ಮಧ್ಯಾಹ್ನ ಊಟದ ಬುತ್ತಿ ಬಿಚ್ಚುತ್ತ ನನಗೆ ಹೇಳಿದ್ದು ಒಂದೇ ಮಾತು: “ಕರಣೆ ಹಿಡಿಯಲಿಕ್ಕೆ ನೀನೇ ಕೇಳಬೇಕು, ಯಾರೂ ಕೊಡುವುದಿಲ್ಲ.”

ನಾನು ಕೇಳಿದೆ. ಮೇಸ್ತ್ರಿಯವರು ಕೂಡಲೇ ಉತ್ತರ ಕೊಡಲಿಲ್ಲ. ಮರುದಿನದಿಂದ ಗಾರೆ ಕಲಸುವುದರ ಮೇಲೆ ಅವರ ಕಣ್ಣು ಬಿತ್ತು. ಒಂದು ಪಾಲು ಸಿಮೆಂಟಿಗೆ ಆರು ಪಾಲು ಹೊಯ್ಗೆ (ಮರಳು) ಎಂಬುದು ಗೊತ್ತಿತ್ತು. ಆದರೆ ನಾನು ಹೊರೆ ಕಡಿಮೆಯಾಗಲೆಂದು ಒಮ್ಮೆಗೇ ದೊಡ್ಡ ರಾಶಿ ಕಲಸಿಟ್ಟು, ಅದು ಬಿಗಿಯತೊಡಗಿದಾಗ ಮೇಲಿಂದ ನೀರು ಹೊಯ್ದು ಮತ್ತೆ ಮೆದು ಮಾಡುತ್ತಿದ್ದೆ. ಸಿಮೆಂಟು ಅರ್ಧ ಗಂಟೆ ಕಳೆದ ಮೇಲೆ ಬಿಗಿಯಲು ತೊಡಗಬಹುದು. ಹಾಗೆ ತೊಡಗಿದ್ದನ್ನು ಒಡೆದು ನೀರು ಕುಡಿಸಿದರೆ ಗಾರೆ ನೋಡಲು ಮೆದುವಾಗುತ್ತದೆಯೇ ಹೊರತು ಅದಕ್ಕೆ ಹಿಡಿತ ಮರಳಿ ಬರುವುದಿಲ್ಲ. ಆ ರಾಶಿಯನ್ನು ಅವರು ಕಾಲಿನಿಂದ ಬದಿಗೆ ಸರಿಸಿ, ಎರಡು ಬಾಂಡ್ಲಿಯಷ್ಟು ಮಾತ್ರ ಹೊಸದಾಗಿ ಕಲಸಲು ಹೇಳಿದರು. ಕಲ್ಲಿಗೆ ಮೊದಲೇ ನೀರು ಹಾಕುವುದನ್ನು ಕಲಿತದ್ದೂ ಆ ವಾರವೇ. ಮುರಕಲ್ಲು ತೂತು ತೂತಾದ ಕಲ್ಲು. ಒಣಗಿದ್ದನ್ನು ಹಾಗೇ ಇಟ್ಟರೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ, ಸಂದಿನಲ್ಲಿ ಪುಡಿ ಉಳಿಯುತ್ತದೆ. ಕೈಯಾಳಾಗಿರುವಾಗಲೇ ಇಷ್ಟನ್ನು ತಿಳಿದುಕೊಂಡವನಿಗೆ ಮುಂದಿನ ಕೆಲಸ ಸುಲಭವಾಗುತ್ತದೆ ಎಂಬುದು ನನಗೆ ಆಮೇಲೆ ಅರ್ಥವಾಯಿತು.

ಆಮೇಲೆ ಎರಡು ಮೂಲೆಗಳ ನಡುವೆ ಕಲ್ಲು ತುಂಬಿಸಲು ಬಿಟ್ಟರು. ಅದು ಅಷ್ಟು ಕಷ್ಟವಲ್ಲ. ನೂಲು ಬಿಗಿದಿರುತ್ತದೆ, ನೂಲಿಗೆ ತಾಗದಂತೆ, ನೂಲಿನಿಂದ ಹಿಂದೆಯೂ ಸರಿಯದಂತೆ ಕಲ್ಲಿಡಬೇಕು. ಕೆಳಗಿನ ಸಾಲಿನ ಸಂದಿನ ಮೇಲೆ ಮೇಲಿನ ಸಾಲಿನ ಸಂದು ಬರದಂತೆ ತಪ್ಪಿಸಬೇಕು. ಆದರೆ ಆ ನೂಲನ್ನು ಕಟ್ಟುವುದು ಮೂಲೆಯ ಕಲ್ಲಿಗೆ. ಮೂಲೆ ಒಂದು ಬೆರಳು ತಪ್ಪಿದರೆ ನೂಲು ತಪ್ಪುತ್ತದೆ, ನೂಲು ತಪ್ಪಿದರೆ ಗೋಡೆಯೇ ತಪ್ಪುತ್ತದೆ. ಆದ್ದರಿಂದಲೇ ಮೂಲೆಯನ್ನು ಮೇಸ್ತ್ರಿ ಇನ್ನೊಬ್ಬರಿಗೆ ಬಿಡುವುದಿಲ್ಲ.

ನನಗೆ ಬಿಟ್ಟದ್ದು ದನದ ಹಟ್ಟಿಯೊಂದರ ಹಿಂಬದಿಯ ಮೂಲೆ. ಐದು ಸಾಲು ಕಟ್ಟಿದೆ. ಮೂವತ್ತು ಕಿಲೋ ಹತ್ತಿರ ತೂಗುವ ಕಲ್ಲನ್ನು ಎತ್ತಿ ಕೂರಿಸಿದ ಮೇಲೆ ಅದನ್ನು ಮತ್ತೆ ಎತ್ತಿ ಸರಿಪಡಿಸಲು ಮೈ ಕೇಳುವುದಿಲ್ಲ. ಕಣ್ಣಿಗೆ ಸರಿ ಕಂಡರೆ ಸಾಕು ಎನ್ನಿಸುತ್ತದೆ. ಮೇಸ್ತ್ರಿಯವರು ಬಂದು, ಗೋಡೆ ನೇರವಿದೆಯೇ ಎಂದು ನೋಡುವ ಗುಂಡುದಾರ ಬಿಟ್ಟರು. ಗುಂಡಿನ ದಪ್ಪದಷ್ಟೇ ಅಳತೆಯ ಒಂದು ಮರದ ತುಂಡು ದಾರದಲ್ಲಿ ಜಾರುವಂತಿರುತ್ತದೆ. ಅದನ್ನು ಗೋಡೆಯ ಮೇಲ್ತುದಿಗೆ ಒತ್ತಿ ಹಿಡಿದಾಗ, ಗೋಡೆ ನೇರವಿದ್ದರೆ ಕೆಳಗೆ ಗುಂಡು ಕಲ್ಲನ್ನು ಸವರಿಯೂ ಸವರದ ಹಾಗೆ ನಿಲ್ಲಬೇಕು. ನನ್ನ ಮೂಲೆಯಲ್ಲಿ ಗುಂಡು ಗೋಡೆಯಿಂದ ಒಂದು ಬೆರಳಿನಷ್ಟು ದೂರ ತೂಗಾಡುತ್ತ ನಿಂತಿತು. ಅಂದರೆ ಗೋಡೆಯ ಮೇಲ್ಭಾಗ ಹೊರಕ್ಕೆ ವಾಲಿತ್ತು. ಮೂರನೆಯ ಸಾಲಿನ ಕಲ್ಲಿನ ಮುಖ ಉಬ್ಬಿತ್ತು, ನಾನು ಅದನ್ನು ಕೆತ್ತಿ ಸರಿಮಾಡದೆ ಅದರ ಉಬ್ಬನ್ನೇ ಹಿಡಿದು ಮೇಲಿನ ಕಲ್ಲುಗಳನ್ನು ಇಟ್ಟಿದ್ದೆ. ಅವರು ಬೈಯಲಿಲ್ಲ. ಮೂರನೆಯ ಸಾಲಿನವರೆಗೆ ಇಳಿಸಲು ಹೇಳಿ, ತಾವೂ ಎರಡು ಕಲ್ಲು ಇಳಿಸಿಕೊಟ್ಟು, ಹಸಿ ಗಾರೆಯನ್ನು ಕೆರೆದು ತೆಗೆದರು. ಆ ಮಧ್ಯಾಹ್ನ ಅದೇ ಮೂಲೆಯನ್ನು ಪ್ರತಿ ಸಾಲಿಗೂ ಎರಡೂ ಮುಖಕ್ಕೆ ಗುಂಡು ಬಿಟ್ಟು ಕಟ್ಟಿದೆ. ಸಾಲಿಗೆ ಐದು ನಿಮಿಷ ಹೆಚ್ಚು ಹಿಡಿಯಿತು. ಆ ಹಟ್ಟಿ ಈಗಲೂ ಇದೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ಬೈಕು ನಿಲ್ಲಿಸಿ ಆ ಮೂಲೆಯನ್ನು ನೋಡುತ್ತೇನೆ.

ಈ ಕಲ್ಲಿನ ಬಗ್ಗೆ ನನಗೆ ಪ್ರೀತಿ ಹುಟ್ಟಿದ್ದು ಆ ಮೇಲೆ. ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪೆನಿಯ ವೈದ್ಯ ಮಲಬಾರಿನ ಅಂಗಡಿಪುರಂನಲ್ಲಿ ಜನರು ನೆಲದಿಂದ ಇದನ್ನು ಕಡಿದು ತೆಗೆಯುವುದನ್ನೂ, ಮೆದುವಾಗಿದ್ದ ಕಲ್ಲು ಗಾಳಿಗೆ ಬಿದ್ದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುವುದನ್ನೂ ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಇದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟ. ಲ್ಯಾಟಿನ್ ಭಾಷೆಯಲ್ಲಿ ಲ್ಯಾಟರ್ ಎಂದರೆ ಇಟ್ಟಿಗೆ ಎಂದೇ ಅರ್ಥ. ನಮ್ಮ ಬಾಯಾರು, ಎಣ್ಮಕಜೆ ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಸುರಂಗ ಕೊರೆದವರು ಒಳಗೆ ಹೊಕ್ಕದ್ದೂ ಇದೇ ಕಲ್ಲಿನ ಹೊಟ್ಟೆಗೆ. ಕೆಳದಿಯ ಶಿವಪ್ಪ ನಾಯಕ 17ನೆಯ ಶತಮಾನದ ನಡುವಿನಲ್ಲಿ ಕಟ್ಟಿಸಿದನೆನ್ನುವ ಬೇಕಲದ ಕೋಟೆಗೆ ಚಿಕ್ಕಂದಿನಿಂದ ಎಷ್ಟೋ ಸಲ ಹೋಗಿದ್ದೇನೆ, ಆದರೆ ಕಡಲನ್ನಲ್ಲದೆ ಗೋಡೆಯನ್ನು ನೋಡಿರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಹೋದಾಗ ಸಾಲುಗಳನ್ನು ನೋಡಿದೆ, ಸಂದು ತಪ್ಪಿಸಿದ ರೀತಿಯನ್ನು ನೋಡಿದೆ, ಬುರುಜಿನ ಬಾಗುವಿಕೆಗೆ ಒಂದೊಂದು ಕಲ್ಲಿನ ಮುಖವನ್ನೂ ಕೆತ್ತಿ ಹೊಂದಿಸಿದ್ದನ್ನು ಕೈಯಿಂದ ಸವರಿ ನೋಡಿದೆ.

ಭಾಷೆಯ ವಿಷಯಕ್ಕೆ ಬಂದರೆ, ಕನ್ನಡ ಶಾಲೆಯಲ್ಲಿ ಓದಿದ ನಮಗೆ ಚಂದ್ರಗಿರಿ ಹೊಳೆಯ ದಕ್ಷಿಣಕ್ಕೆ ಕೆಲಸಕ್ಕೆ ಹೋದಾಗ ಮೊದಮೊದಲು ಕಷ್ಟವಾಗುತ್ತದೆ. ಮೇಸ್ತ್ರಿ ತುಳುವಿನಲ್ಲಿ ಹೇಳಿದ್ದನ್ನು ಮನೆಯವರಿಗೆ ಮಲಯಾಳದಲ್ಲಿ ತಿಳಿಸಿ, ಬಂಗಾಳದಿಂದ ಬಂದ ಜೊತೆಗಾರನಿಗೆ ಹಿಂದಿಯಲ್ಲಿ ಹೇಳಬೇಕಾದ ದಿನಗಳಿವೆ. ನಾವು ಗುಂಡುದಾರ ಎನ್ನುವುದನ್ನು ಮಲಯಾಳಿಗಳು ತೂಕ್ಕುಕಟ್ಟ ಎನ್ನುತ್ತಾರೆ. ಹತ್ಯಾರುಗಳ ಹೆಸರನ್ನು ಎಲ್ಲ ಭಾಷೆಗಳಲ್ಲೂ ಮೊದಲ ತಿಂಗಳಲ್ಲೇ ಕಲಿತುಬಿಡುವುದು ಒಳ್ಳೆಯದು. ಅಟ್ಟಣಿಗೆಯ ಮೇಲೆ ನಿಂತವರು “ಬಿಡು” ಎಂದದ್ದು “ಹಿಡಿ” ಎಂದು ಕೇಳಿಸಿದರೆ ಕೆಳಗಿನವನ ತಲೆಗೆ ಅಪಾಯ.

ಅಪಾಯದ ಮಾತು ಬಂದದ್ದರಿಂದ ಇನ್ನೂ ಎರಡನ್ನು ಹೇಳಬೇಕು. ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ. ಬೆರಳ ತುದಿಗಳು ಒಡೆದು ಅನ್ನ ಕಲಸಲು ಆಗದ ವಾರಗಳನ್ನು ನಾನು ಕಂಡಿದ್ದೇನೆ. ರಬ್ಬರಿನ ಕೈಗವಸು ಹಾಕಿಕೊಂಡರೆ ನಗುವವರಿದ್ದಾರೆ, ನಕ್ಕರೂ ಹಾಕಿಕೊಳ್ಳಿ. ಎರಡನೆಯದು ಲೆಕ್ಕ. ಒಬ್ಬ ಗುತ್ತಿಗೆದಾರರ ಕೈಕೆಳಗೆ ಆರು ವಾರ ದುಡಿದ ನನಗೆ ಕೊನೆಯ ಎರಡು ವಾರದ ಸಂಬಳ ಇಂದಿಗೂ ಬಂದಿಲ್ಲ. ಕೇಳಲು ಹೋದರೆ ನಾನು ಅಲ್ಲಿ ಕೆಲಸ ಮಾಡಿದ್ದಕ್ಕೆ ಬರಹದಲ್ಲಿ ಏನೂ ಇರಲಿಲ್ಲ. ಅಂದಿನಿಂದ ತಾರೀಕು, ಜಾಗ, ಮಾಡಿದ ಕೆಲಸ, ಬಂದ ಹಣ ಎಲ್ಲವನ್ನೂ ಪುಸ್ತಕದಲ್ಲಿ ಬರೆದು ಶನಿವಾರ ಸಹಿ ಹಾಕಿಸಿಕೊಳ್ಳುತ್ತೇನೆ. ಕೇಂದ್ರದ ಕಾನೂನಿನಂತೆ, 18 ತುಂಬಿದ, 60 ತುಂಬದ ಕಾರ್ಮಿಕನು ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಲ್ಯಾಣ ನಿಧಿಯ ಸದಸ್ಯನಾಗಬಹುದು. ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರಂತೆ ವಸೂಲಾಗುವ ಸೆಸ್ ಎಂಬ ತೆರಿಗೆ ಇಂಥ ನಿಧಿಗಾಗಿಯೇ ಇರುವುದು. 90 ದಿನಗಳನ್ನು ತೋರಿಸಬೇಕಾಗಿ ಬಂದಾಗ ನನ್ನ ನೆರವಿಗೆ ಬಂದದ್ದು ಅದೇ ಪುಸ್ತಕ. ಬಿ.ಕಾಂ. ಓದಿದ್ದು ವ್ಯರ್ಥವಾಯಿತೆಂದು ಅಮ್ಮ ಅಂದುಕೊಂಡಿದ್ದರು. ಆ ಪುಸ್ತಕವನ್ನು ಅವರಿಗೆ ತೋರಿಸಿದ್ದೇನೆ.

ಕಲ್ಲಿನ ಕೆಲಸವೇ ಆಗಬೇಕೆಂದಿಲ್ಲ. ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಕಲಿಯಲು 2 ವರ್ಷ, ಪ್ಲಂಬರ್ ಕಲಿಯಲು 1 ವರ್ಷ ಬೇಕು. ಹತ್ತನೆಯ ತರಗತಿ ಮುಗಿಸಿದವರು ಆ ದಾರಿಯನ್ನೂ ನೋಡಬಹುದು. ದೊಡ್ಡ ಕೆಲಸಗಳಲ್ಲಿ ಆಸಕ್ತಿಯುಳ್ಳವರು ತಲಪಾಡಿಯಿಂದ ಚೆಂಗಳದವರೆಗೆ ಸುಮಾರು 39 ಕಿಲೋಮೀಟರ್ ಹೆದ್ದಾರಿ ಅಗಲವಾದದ್ದನ್ನು ಕಣ್ಣಾರೆ ಕಂಡಿರುತ್ತಾರೆ. ಅದನ್ನು ವಹಿಸಿಕೊಂಡ ಊರಾಳುಂಗಲ್ ಸೊಸೈಟಿ 1925ರಲ್ಲಿ ವಡಗರದ ಬಳಿ ಕೂಲಿಕಾರರೇ ಸೇರಿ ಕಟ್ಟಿಕೊಂಡ ಸಹಕಾರ ಸಂಘ. ಕಟ್ಟಡ ಕೆಲಸದವರ ಸಂಘವೊಂದು ಇಷ್ಟು ಬೆಳೆಯಬಹುದೆಂಬುದನ್ನು ನಮ್ಮ ಹುಡುಗರು ತಿಳಿದಿರಬೇಕು.

ಜೂನ್ ಹೊತ್ತಿನ ಮಳೆ, ಇಡವಪಾತಿ, ಹಿಡಿದ ಮೇಲೆ ಹೊರಗಿನ ಕಲ್ಲಿನ ಕೆಲಸ ನಿಲ್ಲುತ್ತದೆ, ಕೋರೆಗಳಲ್ಲಿ ನೀರು ತುಂಬುತ್ತದೆ. ಮೊದಲ ಮಳೆಗಾಲದಲ್ಲಿ ನಾನು ಎರಡು ತಿಂಗಳು ಸುಮ್ಮನೆ ಕುಳಿತೆ. ಎರಡನೆಯ ಮಳೆಗಾಲದಲ್ಲಿ ಒಳಗಿನ ಗೋಡೆಗಳಿಗೆ ಗಾರೆ ಬಳಿದು ಸಾರಣೆ ಮಾಡುವವರೊಬ್ಬರ ಜೊತೆ 700 ರೂಪಾಯಿ ಸಂಬಳಕ್ಕೆ ಹೋದೆ. ಮೇಸ್ತ್ರಿಯ ಸಂಬಳ ಬರತೊಡಗಿದ ಮೇಲೆ ಅಷ್ಟು ಕಡಿಮೆಗೆ ಹೋದದ್ದನ್ನು ಕೇಳಿ ಜೊತೆಗಾರರು ಆಶ್ಚರ್ಯಪಟ್ಟರು. ಈಗ ಜಡಿಮಳೆಯ ಆಟಿ ತಿಂಗಳಿನಲ್ಲಿಯೂ ನನಗೆ ಕೆಲಸವಿದೆ.

ನೆರೆಮನೆಯ ಹುಡುಗ ಈ ಸಲ ಪ್ಲಸ್ ಟು ಮುಗಿಸಿದ್ದಾನೆ. ಸಂಬಳ ಎಷ್ಟು ಎಂದು ಕೇಳಿದ, ಹೇಳಿದೆ. ಬರುವ ತುಲಾ ತಿಂಗಳಿನಲ್ಲಿ (ಅಕ್ಟೋಬರ್-ನವೆಂಬರ್) ಪೈವಳಿಕೆಯಲ್ಲಿ ಒಂದು ಮನೆಗೆ ಪಂಚಾಂಗ (ಅಡಿಪಾಯ) ಹಾಕಲಿದ್ದೇವೆ, ಅಲ್ಲಿಗೆ ಬರಲಿಕ್ಕೆ ಹೇಳಿದ್ದೇನೆ. ಕಲ್ಲು ಹೊರುವ ಕೆಲಸವೇ ಅವನದ್ದು. ಆದರೆ ಪ್ರತಿದಿನ ಮಧ್ಯಾಹ್ನದ ಊಟದ ನಂತರ ಒಂದು ಗಂಟೆ ಹಿಂಬದಿಯ ಗೋಡೆಯಲ್ಲಿ ಕರಣೆ ಅವನ ಕೈಯಲ್ಲಿರಬೇಕೆಂದು ಮೇಸ್ತ್ರಿಯವರ ಹತ್ತಿರ ಮೊದಲೇ ಮಾತಾಡಿಕೊಂಡಿದ್ದೇನೆ.