ಮಾವನ ರಿವಾಲ್ವರಿನ ಬಿಗಿ ಟ್ರಿಗರ್

ಪುಣೆಯ ಕೋಥ್ರೂಡಿನಲ್ಲಿ ಹೋಟೆಲ್ ನಡೆಸುವ ನನ್ನ ಸೋದರಮಾವನವರು ಕಳೆದ ಭಾನುವಾರ ಮನೆಗೆ ಕರೆದು, ಲಾಕರಿನಲ್ಲಿ ಎಣ್ಣೆಬಟ್ಟೆ ಸುತ್ತಿಟ್ಟಿದ್ದ ಪಾಯಿಂಟ್ 32 ರಿವಾಲ್ವರನ್ನು ತೆಗೆದು, ಗುಂಡುಗಳಿಲ್ಲವೆಂದು ಸಿಲಿಂಡರ್ ಬಿಚ್ಚಿ ತೋರಿಸಿ ಮೇಜಿನ ಮೇಲಿಟ್ಟರು. "ಇದರ ಟ್ರಿಗರ್ ಎಳೆಯಲು ಎರಡು ಬೆರಳು ಬೇಕು ಮಾರಾಯ. ಭೋಸರಿಯಲ್ಲಿ ಒಬ್ಬ ಲೇತ್ ಕೆಲಸದವನು ಸ್ಪ್ರಿಂಗ್ ತುಂಡರಿಸಿ ಸಡಿಲ ಮಾಡಿಕೊಡುತ್ತಾನಂತೆ" ಎಂದರು. ಶಿವಾಜಿನಗರದ ನ್ಯಾಯಾಲಯದಲ್ಲಿ ವಕೀಲಿ ಮಾಡುವ ನಾನು, "ಮಾವ, ಆ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ" ಎಂದೆ.

ಮಾವನವರ ಬಳಿ ಪರವಾನಗಿ ಇರುವುದು ಆಯುಧವನ್ನು ಇಟ್ಟುಕೊಳ್ಳುವುದಕ್ಕೆ. ಅದನ್ನು ದುರಸ್ತಿ ಮಾಡುವುದಕ್ಕೂ ಪರಿವರ್ತಿಸುವುದಕ್ಕೂ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನಂತೆ ಬೇರೆಯೇ ಪರವಾನಗಿ ಬೇಕು, ಅದು ಲೇತ್‌ನವನ ಬಳಿ ಇರುವುದಿಲ್ಲ. ನಳಿಗೆಯನ್ನು ಮೊಟಕುಗೊಳಿಸುವುದು 6ನೆಯ ಕಲಮಿಗೆ ಬರುತ್ತದೆ. 2019ರ ತಿದ್ದುಪಡಿಯ ನಂತರ ಇವುಗಳನ್ನು ಪರವಾನಗಿಯಿಲ್ಲದೆ ಮಾಡಿದರೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆಯಿದೆ. ಪಾಲಿಶ್ ಮಾಡಿಸುವಾಗ ಕ್ರಮಸಂಖ್ಯೆ ಅಳಿಸಿಹೋದರೂ ಕಷ್ಟವೇ. ಆಯುಧ ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದರೆಂದು, ಹಾಗಲ್ಲವೆಂದು ಸಾಬೀತಾಗುವವರೆಗೆ, ಕಾಯ್ದೆ ಭಾವಿಸುತ್ತದೆ. ಸಿನಿಮಾ ನೋಡಿ ಸೈಲೆನ್ಸರ್ ವಿಚಾರಿಸುವವರೂ ಇದ್ದಾರೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಸೈಲೆನ್ಸರ್ ಕೂಡ ಬಂದೂಕೇ ಎಂಬುದು ಅವರಿಗೆ ತಿಳಿದಿರುವುದಿಲ್ಲ.

ಆದರೆ ನನಗೆ ಹೆಚ್ಚು ಅಂಜಿಕೆಯಿದ್ದದ್ದು ಮುಂದೊಂದು ದಿನ ನಿಜವಾಗಿಯೂ ಗುಂಡು ಹಾರಿಸಬೇಕಾಗಿ ಬಂದರೆ ಏನಾದೀತೆಂಬುದರ ಬಗ್ಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ರಕ್ಷಣೆಗೆ ಅಗತ್ಯವಿದ್ದುದಕ್ಕಿಂತ ಹೆಚ್ಚಿನ ಹಾನಿ ಮಾಡಬಾರದೆಂದು 37ನೆಯ ಕಲಮು ಕಟ್ಟುಹಾಕುತ್ತದೆ. ಆತ್ಮರಕ್ಷಣೆ ಎನ್ನುವವನು "ಬೇರೆ ದಾರಿಯಿರಲಿಲ್ಲ, ತಿಳಿದೇ ಹಾರಿಸಿದೆ" ಎಂದು ಹೇಳಬೇಕಾಗುತ್ತದೆ. ಪೊಲೀಸರು ವಶಪಡಿಸಿಕೊಂಡ ರಿವಾಲ್ವರ್ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿ, ಅಲ್ಲಿ ಕತ್ತರಿಸಿದ ಸ್ಪ್ರಿಂಗ್ ಕಣ್ಣಿಗೆ ಬಿದ್ದರೆ, ಸರ್ಕಾರಿ ವಕೀಲರು ಕೇಳುವ ಪ್ರಶ್ನೆಯನ್ನು ನಾನು ಈಗಲೇ ಬರೆದುಕೊಡಬಲ್ಲೆ: ನೀವು ಹಾರಿಸಿದಿರೋ, ನಡುಗುವ ಬೆರಳು ತಗುಲಿ ತಾನಾಗಿ ಹಾರಿತೋ? ತಾನಾಗಿ ಹಾರಿತೆಂದರೆ ಆತ್ಮರಕ್ಷಣೆಯ ವಾದ ಕುಸಿದು, 106ನೆಯ ಕಲಮಿನ ನಿರ್ಲಕ್ಷ್ಯದ ಸಾವಿನ ಆರೋಪ ಎದುರಿಗೆ ನಿಲ್ಲುತ್ತದೆ.

ಅಮೆರಿಕದ ವಿಡಿಯೋಗಳನ್ನು ನೋಡಿದ್ದ ಮಾವನವರು, ಅಲ್ಲಿನವರು ಇಂಥ ಬದಲಾವಣೆಗಳನ್ನು ತಾವೇ ಮಾಡಿಕೊಳ್ಳುತ್ತಾರಲ್ಲ ಎಂದು ವಾದಿಸಿದರು. ಅಲ್ಲಿ ಬಿಡಿಭಾಗಗಳು ಅಂಗಡಿಯಲ್ಲೇ ಸಿಗುತ್ತವೆ, ನಿಜ; ಆದರೂ 1934ರ ಕಾಯ್ದೆಯ ಪ್ರಕಾರ ಪಿಸ್ತೂಲಿಗೆ ಹೆಗಲಿಗೆ ಒತ್ತಿಹಿಡಿಯುವ ಹಿಡಿಕೆ ಜೋಡಿಸಿದರೆ, ಅದು ಮೊಟಕು ನಳಿಗೆಯ ರೈಫಲ್ ಎನಿಸಿ ನೋಂದಣಿ ಬೇಕಾಗುತ್ತದೆ.

ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಟ್ರಿಗರನ್ನು ಒಂದೇ ಬೆರಳಿನಿಂದ ನಿಧಾನವಾಗಿ ಎಳೆದು ನೋಡಿದರು. ರಿವಾಲ್ವರಿನ ಹ್ಯಾಮರ್ ಟಕ್ಕೆಂದಿತು. "ಹಿಡಿಕೆಯ ತಿರುಪು ಸಡಿಲವಾಗಿದೆ, ಅದನ್ನಾದರೂ ಬಿಗಿಸಬಹುದೋ?" ಎಂದರು. ಪರವಾನಗಿ ಇರುವ ಬಂದೂಕಿನ ಅಂಗಡಿಗೇ ಒಯ್ದು, ರಸೀದಿ ಕೇಳಿ ಪಡೆಯಿರಿ ಎಂದೆ.