‘ಅರ್ನೆಸ್ಟ್’ ತಾಲೀಮು ದಾಖಲೆ: ಮೂರನೇ ವಾರ

ಆಸ್ಕರ್ ವೈಲ್ಡ್‌ನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ 1895ರ ಫೆಬ್ರುವರಿ 14ರಂದು ಲಂಡನ್ನಿನ ಸೇಂಟ್ ಜೇಮ್ಸ್ ಥಿಯೇಟರಿನಲ್ಲಿ ಮೊದಲು ರಂಗಕ್ಕೆ ಬಂತು. ‘ಅರ್ನೆಸ್ಟ್’ ಎಂಬ ಒಂದೇ ಸುಳ್ಳು ಹೆಸರು ಹೇಳುವ ಇಬ್ಬರು ಗಂಡುಗಳು ಜಾಕ್ ಮತ್ತು ಅಲ್ಜರ್ನನ್, ಆ ಹೆಸರಿಗೇ ಮನಸೋತ ಇಬ್ಬರು ಹೆಣ್ಣುಗಳು. ಕನ್ನಡದ ಬಾಯಲ್ಲಿ ಎಡವಿದ್ದು ಮಾತ್ರ ಆ ಹೆಸರಲ್ಲ, ‘ಆಂಟ್’.

ಅಲ್ಜರ್ನನ್‌ಗೆ ಲೇಡಿ ಬ್ರಾಕ್ನೆಲ್ ‘ಆಂಟ್’. ಮೊದಲ ಅಂಕಕ್ಕೆ ‘ಅತ್ತೆ’ ಎಂದರೆ ನಡೆಯುತ್ತದೆ. ಆದರೆ ಮೂರನೇ ಅಂಕದಲ್ಲಿ ಜಾಕ್ ಆಕೆಯ ಒಡಹುಟ್ಟಿದವಳ ಮಗ ಎಂದು ಬಯಲಾಗುತ್ತದೆ. ಅಲ್ಲಿಗೆ ಆಕೆ ದೊಡ್ಡಮ್ಮನೋ ಚಿಕ್ಕಮ್ಮನೋ ಆದಳು, ಜಾಕ್ ಮದುವೆಯಾಗಹೊರಟ ಆಕೆಯ ಮಗಳು ಗ್ವೆಂಡೊಲಿನ್ ತಂಗಿಯಾದಳು! ಇಂಗ್ಲೆಂಡಿನಲ್ಲಿ ಅಡ್ಡಿಯಿಲ್ಲ, ನಮ್ಮ ಪ್ರೇಕ್ಷಕರು ನಗುವ ಬದಲು ಮುಖ ಮುಖ ನೋಡಿಕೊಳ್ಳುತ್ತಾರೆ.

ಜಾಕ್‌ನ ತಂದೆ ಜನರಲ್ ಮಾಂಕ್ರೀಫ್‌ನನ್ನು ಆಕೆಯ ತಮ್ಮನನ್ನಾಗಿ ಮಾಡಿದರೆ ‘ಅತ್ತೆ’ ಉಳಿಯುತ್ತದೆ, ಆದರೆ ಮುಂದಿನ ನಗೆ ಸಾಯುತ್ತದೆ: ಆ ಜನರಲ್‌ನ ಹೆಸರು ಆಕೆಗೆ ನೆನಪಾಗುವುದಿಲ್ಲ, ಸೈನ್ಯದ ಪಟ್ಟಿ ತಿರುವಬೇಕಾಗುತ್ತದೆ. ಒಡಹುಟ್ಟಿದ ತಮ್ಮನ ಹೆಸರು ಯಾರು ಮರೆಯುತ್ತಾರೆ? ಈಗ ನಿಂತಿರುವ ಪರಿಹಾರ ಒಂದೇ ಪದ. ‘ನನ್ನ ತಂಗಿ’ ಇದ್ದಲ್ಲಿ ‘ನನ್ನ ನಾದಿನಿ’. ಆಗ ಆಕೆಯ ಗಂಡ ಲಾರ್ಡ್ ಬ್ರಾಕ್ನೆಲ್ ಜಾಕ್‌ಗೆ ಸೋದರಮಾವ, ಗ್ವೆಂಡೊಲಿನ್ ಮಾವನ ಮಗಳು, ನಾದಿನಿಯ ಗಂಡನ ಹೆಸರು ಮರೆತರೂ ಒಪ್ಪಬಹುದು. ಮಗುವಾಗಿದ್ದಾಗ ಜಾಕ್ ಕಳೆದುಹೋಗಿದ್ದೂ ಲಾರ್ಡ್ ಬ್ರಾಕ್ನೆಲ್ ಮನೆಯಿಂದಲೇ, ಹಾಗಾಗಿ ಬೇರೆಲ್ಲೂ ಕೈಹಾಕಬೇಕಿಲ್ಲ.

ಸೌತೆಕಾಯಿ ಸ್ಯಾಂಡ್‌ವಿಚ್ ಹದಕ್ಕೆ ಬಂದಿದೆ. ಅತ್ತೆ ಬರುವಷ್ಟರಲ್ಲಿ ಅಲ್ಜರ್ನನ್ ತಿಂದು ತಟ್ಟೆ ಖಾಲಿಯಾಗಲೇಬೇಕು. ಬ್ರೆಡ್ಡಿನ ಅಂಚು ತೆಗೆದು ಒಂದಂಗುಲ ಅಗಲ, ಎರಡಂಗುಲ ಉದ್ದದ ಎಂಟು ತುಂಡು. ದೊಡ್ಡದಾದರೆ ಬಾಯಿ ತುಂಬಿ ಮಾತು ನುಂಗಿಹೋಗುತ್ತದೆ. ಸೌತೆಕಾಯಿಯ ಸಿಪ್ಪೆ, ಬೀಜ ತೆಗೆದು, ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಒತ್ತಬೇಕು. ಬೆಣ್ಣೆ ಎರಡೂ ಬದಿಗೆ, ಇಲ್ಲದಿದ್ದರೆ ಬ್ರೆಡ್ ಒದ್ದೆಯಾಗಿ ಕೈಯಲ್ಲೇ ಮುರಿಯುತ್ತದೆ.

ಎರಡನೇ ಅಂಕದ ಮಫಿನ್ ಬೇಕರಿಯ ಕಪ್‌ಕೇಕ್ ಅಲ್ಲ. ಅದರ ಪುಡಿ ಗಂಟಲಿಗೆ ಹತ್ತಿ ಕೆಮ್ಮು ಬರುತ್ತದೆ. ಇದು ಈಸ್ಟ್ ಹಾಕಿ ಉಬ್ಬಿಸಿ, ರವೆ ಉದುರಿಸಿದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಬೇಯಿಸಿದ ಚಪ್ಪಟೆ ಬನ್ನು. 250 ಗ್ರಾಂ ಮೈದಾಕ್ಕೆ ಸುಮಾರು 160 ಮಿಲಿ ಹಾಲು, ಒಂದು ಚಮಚ ಈಸ್ಟ್. ಪ್ರತಿ ಬದಿಗೆ ಆರೇಳು ನಿಮಿಷ.

ಜಾಕ್‌ನ ಸೂತಕದ ವೇಷ ಇನ್ನೂ ಸರಿಯಾಗಿಲ್ಲ. ಇಲ್ಲದ ತಮ್ಮ ಸತ್ತನೆಂದು ಕಪ್ಪು ತೊಟ್ಟು ಬರುತ್ತಾನೆ. ಆ ‘ತಮ್ಮ’ನೆಂದು ಹೇಳಿಕೊಂಡು ಬಂದ ಅಲ್ಜರ್ನನ್ ಅಷ್ಟರಲ್ಲಿ ಮನೆಯೊಳಗಿದ್ದಾನೆ. ಜಾಕ್ ಬಾಯಿ ತೆರೆಯುವ ಮೊದಲೇ ನಗು ಬರಬೇಕು. ನಮ್ಮಲ್ಲಿ ಕರಿ ಕೋಟೆಂದರೆ ವಕೀಲರು. ಅದಕ್ಕೇ ಟೋಪಿಯ ಸುತ್ತ ಕಟ್ಟಿದ ಕರಿ ಪಟ್ಟಿಯನ್ನು ಬೆನ್ನಿನವರೆಗೆ ಇಳಿಬಿಟ್ಟು, ಕರಿ ಕೈಗವಸು, ಕರಿ ಅಂಚಿನ ಕರ್ಚೀಫು ಸೇರಿಸಲಾಗಿದೆ. ಸ್ಯಾಟಿನ್ ಬೇಡ, ಬೆಳಕಿಗೆ ಹೊಳೆದು ಮದುವಣಿಗನಂತೆ ಕಾಣುತ್ತದೆ. ಪ್ರವೇಶ ಹಿಂದಿನ ತೋಟದ ಕಡೆಯಿಂದ, ತಿಳಿ ಬಣ್ಣದ ಪರದೆಯ ಮುಂದೆ, ಎಂಟು ನಿಧಾನ ಹೆಜ್ಜೆ. ಪಕ್ಕದ ಕತ್ತಲಿನಿಂದ ಬಂದಾಗ ಕಪ್ಪಿನಲ್ಲಿ ಕಪ್ಪು ಕರಗಿ ಮುಖವೊಂದೇ ತೇಲಿತು.

ಬಾಕಿ ಇರುವುದು ಮಗು ಜಾಕ್ ಸಿಕ್ಕಿದ ಬ್ಯಾಗು. ಮಗು ಹಿಡಿಸುವಷ್ಟು ದೊಡ್ಡ ಕರಿ ಚರ್ಮದ್ದು, ಹಿಡಿ ಇರುವಂಥದ್ದು. ವ್ಯಾನಿಟಿ ಬ್ಯಾಗು ನಡೆಯದು. ಒಳಗಿನ ಬಟ್ಟೆಗೆ ಚಹಾ ಡಿಕಾಕ್ಷನ್‌ನಿಂದ ಹಳೆ ಕಲೆ ಮಾಡಿ ಒಣಗಿಸಬೇಕು, ಬೀಗದ ಮೇಲೆ ಒಡತಿಯ ಹೆಸರಿನ ಮೊದಲಕ್ಷರ ಕೊರೆಸಬೇಕು.